ಹಳೇ ಫೋರ್ ವೀಲ್ ಡ್ರೈವ್ ತಗೊಳ್ಳಲಾ, ಬೇಡವಾ? ಇಟ್ಟುಕೊಂಡವರು ಹೇಳಿ

ಮಣ್ಣುದಾರಿ:
17 ವರ್ಷದ ಡೀಸೆಲ್ ಗಾಡಿ ಒಂದು ನೋಡಿದ್ದೇನೆ. 2,10,000 ಕಿ.ಮೀ. ಓಡಿದೆ, ಒಬ್ಬರೇ ಮಾಲೀಕರು. ಪಾರ್ಟ್ ಟೈಮ್ ಫೋರ್ ವೀಲ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವುದು), ಲೋ ರೇಂಜ್ (ನಿಧಾನ ಆದರೆ ಜೋರು ಎಳೆತದ ಗೇರು) ಇದೆ. ಮನೆಗೆ ಹೋಗುವ ಕೊನೆಯ 3 ಕಿ.ಮೀ. ಮಣ್ಣಿನ ಏರು. ಮಳೆ ಬಂದರೆ ಈಗಿನ ಕಾರು ಹತ್ತುವುದಿಲ್ಲ. ಉಳಿದ ದಿನ 40 ಕಿ.ಮೀ. ಟಾರು ರಸ್ತೆಯ ಓಡಾಟ. ಹಿಂದೆ ಎದುರುಬದುರು ಬೆಂಚ್ ಸೀಟು, ಬೆಲ್ಟ್ ಇಲ್ಲ. ಇಬ್ಬರು ಚಿಕ್ಕ ಮಕ್ಕಳನ್ನು ಅಲ್ಲಿ ಕೂರಿಸಬೇಕು. ತಗೊಳ್ಳಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಲೆಕ್ಕದ ಪುಸ್ತಕ:
ನನ್ನದು 6 ವರ್ಷದ ಅನುಭವ. ತಂದಾಗ ಗಾಡಿಗೆ 16 ವರ್ಷ. ಪ್ರತಿ ಖರ್ಚೂ ಬರೆದಿಟ್ಟಿದ್ದೇನೆ. ಗಾಡಿಗೆ ಕೊಟ್ಟ ದುಡ್ಡು 100 ಅಂತ ಇಟ್ಟುಕೊಳ್ಳಿ, ಉಳಿದದ್ದನ್ನು ಅದೇ ಅಳತೆಯಲ್ಲಿ ಹೇಳುತ್ತೇನೆ.

ಮೊದಲ ತಿಂಗಳು ಟೈಮಿಂಗ್ ಬೆಲ್ಟ್, ಟೆನ್ಶನರ್, ವಾಟರ್ ಪಂಪ್ ಸೇರಿ 5. ಮಾರಿದವರು ಹೋದ ವರ್ಷವಷ್ಟೇ ಹಾಕಿಸಿದ್ದು ಅಂದಿದ್ದರು. ಬಿಚ್ಚಿ ನೋಡಿದರೆ ಬೆಲ್ಟ್ ತುಂಬ ಬಿರುಕು. ಅದು ಹರಿದಿದ್ದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದು ಎಂಜಿನ್ನೇ ಮುಗಿಯುತ್ತಿತ್ತು. ಐದು ಟೈರ್‌ಗೆ 15. ಎರಡನೇ ತಿಂಗಳು ಕ್ಲಚ್‌ಗೆ 7. ಗೇರ್ ಬಾಕ್ಸ್ ಜೊತೆ, ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸನ್ನೂ ಇಳಿಸಬೇಕಲ್ವಾ, ಕೂಲಿಯೇ ಸಾಮಾನಿಗಿಂತ ಜಾಸ್ತಿ ಆಯ್ತು. ಆಮೇಲೆ ಮುಂದಿನ ಚಕ್ರದ ಒಳಗಡೆ ಗ್ರೀಸೂ ಆಯಿಲ್ಲೂ ಬೆರೆತು ಕಪ್ಪಗೆ ಸೋರೋಕೆ ಶುರುವಾಯ್ತು. ಸೀಲ್, ಕಿಂಗ್ ಪಿನ್ ಬೇರಿಂಗ್ ಎರಡೂ ಕಡೆ ಹಾಕಿಸಿದೆ, 4. ರೇಡಿಯೇಟರ್ 4. ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಒಂದು ಮುರಿದಿತ್ತು, ಪೂರ್ತಿ ಸೆಟ್ ಬದಲಿಸಿದೆ, 6. ಮೊದಲ ವರ್ಷವೇ 41!

ಎರಡನೇ ವರ್ಷ 11. ಮೂರನೇ ವರ್ಷ ಡೀಸೆಲ್ ಪಂಪ್ 12, ಇಂಜೆಕ್ಟರ್ 6. ಆಮೇಲಿನ ಮೂರು ವರ್ಷ ಸೇರಿ 25. ಒಟ್ಟು 95. ಅಂದರೆ ಇನ್ನೊಂದು ಗಾಡಿಯ ದುಡ್ಡು. ಆದರೂ ನಾನು ಮಾರುವುದಿಲ್ಲ. ಈಗ ಅದರ ಒಂದೊಂದು ನಟ್ಟೂ ನನಗೆ ಗೊತ್ತು. ನಿಮ್ಮ ಕೈಯಲ್ಲಿ 140 ಇದ್ದರೆ 100ರ ಗಾಡಿ ತಗೊಳ್ಳಿ. 100 ಮಾತ್ರ ಇದ್ದರೆ ಬೇಡ.

ಚಿಕ್ಕ ಪೆಟ್ರೋಲ್:
ಈ ಲೆಕ್ಕ ನೋಡಿದರೆ ಯಾರೂ ಹಳೇ ಗಾಡಿ ಹತ್ತಿರ ಹೋಗುವುದಿಲ್ಲ. ಟೈರು, ಬೆಲ್ಟು, ಕ್ಲಚ್ಚು ಯಾವ ಗಾಡಿಗೂ ಬೇಕು. ಅದನ್ನೆಲ್ಲ ಹಳೇ ಗಾಡಿಯ ತಲೆಗೆ ಕಟ್ಟುವುದು ಸರಿಯಲ್ಲ. ನನ್ನದು 26 ವರ್ಷದ ಕಾರ್ಬುರೇಟರ್ ಗಾಡಿ. 11 ವರ್ಷದಿಂದ ನನ್ನ ಹತ್ತಿರ ಇದೆ. ದಾರಿಯಲ್ಲಿ ನಿಂತದ್ದು ಎರಡೇ ಸಲ. ಒಮ್ಮೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ನೀರು ಹೋಗಿತ್ತು. ಬಟ್ಟೆಯಲ್ಲಿ ಒರೆಸಿದೆ, ಸ್ಟಾರ್ಟ್ ಆಯ್ತು. ಇನ್ನೊಮ್ಮೆ ಕ್ಲಚ್ ಕೇಬಲ್ ಹರಿಯಿತು. ಅಷ್ಟೇ.

ತೂಕ ಸುಮಾರು 1 ಟನ್. ಭಾರದ ಡೀಸೆಲ್ ಗಾಡಿಗಳು ಹೂತು ನಿಂತ ಕೆಸರಿನಲ್ಲಿ ಇದು ಮೇಲೆ ಮೇಲೆ ಹೋಗುತ್ತೆ. ಡೀಸೆಲ್ ಬಿಟ್ಟು ಹಗುರವಾದದ್ದು ಹುಡುಕಿ. ಮೈಲೇಜ್ 9 ಬರುತ್ತೆ, ನಿಜ. ಆದರೆ ಪಂಪಿಗೆ 12, ಇಂಜೆಕ್ಟರ್‌ಗೆ 6 ಅಂತ ಸುರಿಯುವುದಕ್ಕಿಂತ ಪೆಟ್ರೋಲ್‌ಗೆ ಕೊಡುವುದು ಮೇಲು.

ಲೆಕ್ಕದ ಪುಸ್ತಕ:
ನಾನು ಹೆದರಿಸುತ್ತಿಲ್ಲ ಸರ್, ಆದದ್ದನ್ನು ಹೇಳಿದೆ. ಟೈರ್ ಎಲ್ಲಕ್ಕೂ ಬೇಕು, ಒಪ್ಪುತ್ತೇನೆ. ಆದರೆ ಮಾಮೂಲಿ ಕಾರಿನ ಟೈರ್ ಒಂದು ಸವೆದರೆ ಒಂದು ಜೊತೆ ಹಾಕಿ ಸುಮ್ಮನಾಗಬಹುದು. ಇಲ್ಲಿ ಮುಂದೆ ಹಿಂದೆ ಅಳತೆ ಬೇರೆಯಾದರೆ ಟ್ರಾನ್ಸ್‌ಫರ್ ಕೇಸಿಗೇ ಪೆಟ್ಟು. ನಾಲ್ಕೂ ಒಟ್ಟಿಗೆ ಬದಲಿಸಬೇಕು. ಹಾಗಾಗಿ ಆ ಖರ್ಚು ಈ ಲೆಕ್ಕದಲ್ಲೇ ಇರಬೇಕು.

ಮಾರಿಬಿಟ್ಟವಳು:
ನಾನು 14 ತಿಂಗಳು ಇಟ್ಟುಕೊಂಡಿದ್ದೆ. ಅದರಲ್ಲಿ 5 ತಿಂಗಳು ಗಾಡಿ ಗ್ಯಾರೇಜಿನಲ್ಲೇ ಇತ್ತು.

ತಗೊಳ್ಳುವಾಗ ಫೋರ್ ವೀಲ್ ಕೆಲಸ ಮಾಡುತ್ತಾ ಅಂತ ಕೇಳಿದೆ. ಅವರು ಲಿವರ್ ಎಳೆದು ತೋರಿಸಿದರು. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಲೈಟ್ ಬಂತು. ನಂಬಿದೆ. ಮೊದಲ ಮಳೆಗೆ ಏರಿನಲ್ಲಿ ಹಿಂದಿನ ಚಕ್ರ ತಿರುಗುತ್ತಿದೆ, ಮುಂದಿನದು ಅಲ್ಲಾಡುತ್ತಿಲ್ಲ. ಲೈಟ್ ಮಾತ್ರ ಉರಿಯುತ್ತಲೇ ಇದೆ. ಆ ಲೈಟಿಗೆ ಸುದ್ದಿ ಹೋಗುವುದು ಟ್ರಾನ್ಸ್‌ಫರ್ ಕೇಸಿನ ಸ್ವಿಚ್‌ನಿಂದ. ಮುಂದಿನ ಹಬ್ (ಚಕ್ರವನ್ನು ಆಕ್ಸಲ್‌ಗೆ ಕೂಡಿಸುವ ಭಾಗ) ಲಾಕ್ ಆಗಿದೆಯೋ ಇಲ್ಲವೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಉಳಿಯುತ್ತಿತ್ತು!

ನೋಡಿದರೆ ಹಬ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಒಡೆದಿತ್ತು. ಪೈಪ್ ಅಗ್ಗ. ಆದರೆ ಹಿಂದಿನವರು ವರ್ಷಗಟ್ಟಲೆ ಫೋರ್ ವೀಲ್ ಹಾಕಿರಲೇ ಇಲ್ಲ. ಹಬ್ ಒಳಗೆ ತುಕ್ಕು ಹಿಡಿದಿತ್ತು. ಅದನ್ನು ಸರಿಮಾಡಿ ಓಡಿಸಿದಾಗ ಮುಂದಿನ ಡಿಫರೆನ್ಶಿಯಲ್ (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಕೊರೆಯುವ ಹಾಗೆ ಸದ್ದು. ಆಯಿಲ್ ಇಳಿಸಿದರೆ ಹಾಲಿನ ಹಾಗೆ ಬೆಳ್ಳಗೆ ಬಂತು. ಓಡಿ ಬಿಸಿಯಾದ ಹೌಸಿಂಗ್ (ಅದರ ಹೊರಗಿನ ಪೆಟ್ಟಿಗೆ) ನೀರಿಗಿಳಿದು ಒಮ್ಮೆಲೇ ತಣ್ಣಗಾದರೆ ಒಳಗಿನ ಗಾಳಿ ಕುಗ್ಗುತ್ತೆ. ಗಾಳಿ ಆಡುವ ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಬೇರಿಂಗ್, ಒಳಗಿನ ಕ್ರೌನ್, ಪಿನಿಯನ್ ಗೇರುಗಳು ಎಲ್ಲ ಹಾಳು. ಮೂರು ಗ್ಯಾರೇಜ್ ತಿರುಗಿದೆ. ಒಬ್ಬರು ಪಿನಿಯನ್ ಅಳತೆ ತಪ್ಪಾಗಿ ಕೂರಿಸಿ ಮತ್ತೆ ಸದ್ದು ಬಂದು ಎರಡನೇ ಸಲ ಬಿಚ್ಚಿಸಿದೆ. ಪುಸ್ತಕದವರ ಅಳತೆಯಲ್ಲೇ ಹೇಳಿದರೆ 38 ಹಾಕಿದೆ, 55ಕ್ಕೆ ಮಾರಿದೆ. ಈಗಲೂ ಹೊಟ್ಟೆ ಉರಿಯುತ್ತೆ.

ಚಿಕ್ಕ ಪೆಟ್ರೋಲ್:
ಮೇಡಂ, ತಗೊಳ್ಳುವ ಮುಂಚೆ ಜಾಕ್ ಹಾಕಿ ಎತ್ತಿ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಗಾಡಿಯದ್ದೇನು ತಪ್ಪು?

ಮಾರಿಬಿಟ್ಟವಳು:
ಗಾಡಿಯ ತಪ್ಪು ಅಂತ ನಾನು ಎಲ್ಲಿ ಹೇಳಿದೆ? ನನಗೆ ಆಗ ಹೇಳಿಕೊಡುವವರು ಇರಲಿಲ್ಲ. ಹಾಗೆಂದೇ ಇಷ್ಟುದ್ದ ಬರೆದೆ. ನಿಮಗೆ 11 ವರ್ಷದಲ್ಲಿ ಏನೂ ಆಗಲಿಲ್ಲ, ಸಂತೋಷ. ಎಲ್ಲರಿಗೂ ಹಾಗೇ ಆಗುತ್ತೆ ಅಂತ ಹೇಳಬೇಡಿ.

ಗ್ಯಾರೇಜ್ ಅಣ್ಣ:
ಜಗಳ ಬೇಡ. ಎಂಜಿನ್ ಬದಲಿಸಬಹುದು, ಗೇರ್ ಬಾಕ್ಸ್ ಬದಲಿಸಬಹುದು. ಚಾಸಿಸ್ ಹೋದರೆ ಗಾಡಿಯೇ ಹೋಯ್ತು. ಇಲ್ಲಿವರೆಗೆ ಯಾರೂ ಅದನ್ನು ಎತ್ತಲೇ ಇಲ್ಲ.

22 ವರ್ಷ ಗಾಡಿ ಕೆಳಗೆ ಮಲಗಿ ಕೆಲಸ ಮಾಡಿದವನು ನಾನು. ಆದರೂ ನನ್ನ ಸ್ವಂತ ಗಾಡಿಯಲ್ಲೇ ಎಡವಿದೆ. ಅಲ್ಯೂಮಿನಿಯಂ ಬಾಡಿ, ತುಕ್ಕು ಹಿಡಿಯಲ್ಲ ಅಂತ ತಂದೆ. 1948ರಲ್ಲಿ ಮೊದಲ ಲ್ಯಾಂಡ್ ರೋವರ್ ಬಂದಾಗ ಬ್ರಿಟನ್ನಿನಲ್ಲಿ ಉಕ್ಕಿನ ಕೊರತೆ ಇತ್ತು, ಅದಕ್ಕೇ ಬಾಡಿಗೆ ಅಲ್ಯೂಮಿನಿಯಂ ಹಾಕಿದರು. ಆದರೆ ಅದರಲ್ಲೂ ಚಾಸಿಸ್ ಉಕ್ಕೇ. ಅದು ಗೊತ್ತಿದ್ದೂ ನಾನು ಮೇಲಿನ ಹೊಳಪು ನೋಡಿದೆ. ಕೆಳಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಚೆನ್ನಾಗಿ ನೋಡಿಕೊಂಡಿದ್ದಾರೆ ಅಂದುಕೊಂಡೆ. ಎಂಟು ತಿಂಗಳಿಗೆ ಹಿಂದಿನ ಪಟ್ಟಾ ಕೂರುವ ಬ್ರಾಕೆಟ್ ಚಾಸಿಸ್‌ನಿಂದ ಕಿತ್ತು ಬಂತು. ಒಳಗೆ ತುಂಬಿದ್ದ ಮಣ್ಣು ನೀರು ಹಿಡಿದಿಟ್ಟುಕೊಂಡು ಒಳಗಿನಿಂದಲೇ ತಿಂದುಹಾಕಿತ್ತು. ಬಾಡಿ ಪೂರ್ತಿ ಎತ್ತಿ ಚಾಸಿಸ್ ಬದಲಿಸಿದೆ. ಕೂಲಿ ನನ್ನದೇ, ಆದರೂ 60 ಆಯ್ತು. ಒಂಬತ್ತು ತಿಂಗಳ ಭಾನುವಾರಗಳೆಲ್ಲ ಅಲ್ಲೇ ಕಳೆದವು.

ಚಿಕ್ಕ ಸುತ್ತಿಗೆ ತಗೊಂಡು ಹೋಗಿ. ಹಿಂದಿನ ಹೌಸಿಂಗ್ ಮೇಲೆ ಚಾಸಿಸ್ ಬಾಗುವ ಜಾಗ, ಪಟ್ಟಾ ಬ್ರಾಕೆಟ್ ಸುತ್ತ, ಬಾಡಿ ಕೂರುವ ರಬ್ಬರ್ ಹತ್ತಿರ ತಟ್ಟಿ. ಗಟ್ಟಿ ಇದ್ದರೆ ಟಣ್ ಅನ್ನುತ್ತೆ. ಮಂಕಾಗಿ ಸದ್ದು ಬಂದರೆ ವಾಪಸ್ ಬನ್ನಿ. ಡಿಫರೆನ್ಶಿಯಲ್‌ಗೆ ಆಯಿಲ್ ಹಾಕುವ ಪ್ಲಗ್ ಬಿಚ್ಚಿ ಬೆರಳಾಡಿಸಿ ಬಣ್ಣ ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ಫೋರ್ ಹೈ (ಮಾಮೂಲಿ ಗೇರಿನ ಫೋರ್ ವೀಲ್), ಫೋರ್ ಲೋ (ಲೋ ರೇಂಜಿನದ್ದು) ಎರಡನ್ನೂ ಮಣ್ಣಿನಲ್ಲಿ ಹಾಕಿ, ರಿವರ್ಸ್‌ನಲ್ಲೂ ಎಳೆಸಿ. ತಗೊಂಡ ಮೇಲೆ ತಿಂಗಳಿಗೊಮ್ಮೆಯಾದರೂ ಮಣ್ಣಿನಲ್ಲಿ ಫೋರ್ ವೀಲ್ ಹಾಕಿ ಓಡಿಸಿ. ಸುಮ್ನೆ ಬಿಟ್ಟರೆ ಒಳಗೆ ಆಯಿಲ್ ಏರುವುದಿಲ್ಲ, ಲಿವರ್ ಹಿಡಿದುಕೊಳ್ಳುತ್ತೆ.

ಲೆಕ್ಕದ ಪುಸ್ತಕ:
ಮಳೆಗಾಲದಲ್ಲಿ ನಾನು ಟಾರು ರಸ್ತೆಯಲ್ಲೂ ಫೋರ್ ಹೈ ಹಾಕಿಯೇ ಓಡಿಸುತ್ತೇನೆ. ಹಿಡಿತ ಚೆನ್ನಾಗಿರುತ್ತೆ. 6 ವರ್ಷದಲ್ಲಿ ಏನೂ ಮುರಿದಿಲ್ಲ.

ಗ್ಯಾರೇಜ್ ಅಣ್ಣ:
ದಯವಿಟ್ಟು ಇದನ್ನು ಇವರಿಗೆ ಹೇಳಿಕೊಡಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡುತ್ತೆ. ಪಾರ್ಟ್ ಟೈಮ್‌ನಲ್ಲಿ ನಡುವೆ ಡಿಫರೆನ್ಶಿಯಲ್ ಇಲ್ಲ. ಮಣ್ಣಿನಲ್ಲಾದರೆ ಟೈರ್ ಜಾರಿ ಸರಿಯಾಗುತ್ತೆ. ಟಾರಿನಲ್ಲಿ ಜಾರದೆ ಆ ಒತ್ತಡವೆಲ್ಲ ಗೇರು, ಶಾಫ್ಟ್, ಶಾಫ್ಟಿನ ಕೀಲಾದ ಕ್ರಾಸ್ ಮೇಲೆ ಬೀಳುತ್ತೆ. 1970ರ ರೇಂಜ್ ರೋವರ್‌ಗೆ ಯಾವಾಗಲೂ ಫೋರ್ ವೀಲ್ ಕೊಟ್ಟಾಗ ನಡುವೆ ಡಿಫರೆನ್ಶಿಯಲ್ ಇಟ್ಟದ್ದು ಇದಕ್ಕೇ. ನಿಮ್ಮದರಲ್ಲಿ ಅದಿಲ್ಲ. ಬ್ರೇಕಿಗಂತೂ ಫೋರ್ ವೀಲ್‌ನಿಂದ ಏನೂ ಲಾಭ ಇಲ್ಲ.

ಲೆಕ್ಕದ ಪುಸ್ತಕ:
ರಸ್ತೆ ಪೂರ್ತಿ ಒದ್ದೆ ಇರುವಾಗ ಮಾತ್ರ ಅಂತ ಹೇಳಿದ್ದು. ಒಣ ಟಾರಿನಲ್ಲಿ ನಾನೂ ಹಾಕುವುದಿಲ್ಲ.

ಗ್ಯಾರೇಜ್ ಅಣ್ಣ:
ಮೊದಲು ಹಾಗೆ ಬರೆದಿರಲಿಲ್ಲ. ಒದ್ದೆ ರಸ್ತೆ ಅರ್ಧ ಗಂಟೆಯಲ್ಲಿ ಒಣಗುತ್ತೆ. ಲಿವರ್ ತೆಗೆಯಲು ಯಾರಿಗೆ ನೆನಪಿರುತ್ತೆ? ಹಾಗೆ ಮರೆತವರ ಟ್ರಾನ್ಸ್‌ಫರ್ ಕೇಸ್ ನಾನು ಬಿಚ್ಚಿದ್ದೇನೆ.

ಚಿಕ್ಕ ಪೆಟ್ರೋಲ್:
ಇಷ್ಟೆಲ್ಲ ಬೇಕಾಗಿಲ್ಲ. ಒಳ್ಳೇ ಮಡ್ ಟೈರ್ ಹಾಕಿದರೆ ಅರ್ಧ ಸಲ ಫೋರ್ ವೀಲ್ ಬೇಕಾಗುವುದೇ ಇಲ್ಲ.

ಮಾರಿಬಿಟ್ಟವಳು:
ಅವರು ದಿನಾ 40 ಕಿ.ಮೀ. ಟಾರಿನಲ್ಲಿ ಓಡಿಸಬೇಕು. ಮಡ್ ಟೈರ್ ಅಲ್ಲಿ ಸದ್ದು ಮಾಡುತ್ತೆ, ಬೇಗ ಸವೆಯುತ್ತೆ, ಒದ್ದೆಯಲ್ಲಿ ಹಿಡಿತವೂ ಕಡಿಮೆ. ಅವರು ಬರೆದದ್ದನ್ನು ಒಮ್ಮೆ ಪೂರ್ತಿ ಓದಿ.

ಚಿಕ್ಕ ಪೆಟ್ರೋಲ್:
ಓದಿಯೇ ಬರೆದದ್ದು. ಕೊನೆಯ 3 ಕಿ.ಮೀ.ಯೇ ಅವರ ತೊಂದರೆ. ಅಲ್ಲಿ ಹತ್ತದ ಟೈರ್ ಇಟ್ಟುಕೊಂಡು ಏನು ಮಾಡುತ್ತಾರೆ?

ಮಣ್ಣುದಾರಿ:
ಎಲ್ಲರಿಗೂ ಧನ್ಯವಾದ. ಇವತ್ತು ಹೋಗಿ ತಟ್ಟಿ ನೋಡಿದೆ. ಬಲಗಡೆ ಹಿಂದಿನ ಬ್ರಾಕೆಟ್ ಮೇಲೆ ವೆಲ್ಡಿಂಗ್ ಮಾಡಿದ ತೇಪೆ ಇದೆ, ಸುತ್ತ ಹೊಸ ಕಪ್ಪು ಬಣ್ಣ. ಉಳಿದ ಕಡೆ ಸದ್ದು ಗಟ್ಟಿಯಾಗಿದೆ. ಮುಂದಿನ ಡಿಫರೆನ್ಶಿಯಲ್ ಆಯಿಲ್ ಕಪ್ಪಗಿದೆ, ಬೆಳ್ಳಗಿಲ್ಲ. ಮಕ್ಕಳ ಸೀಟಿನ ಬಗ್ಗೆ ಯಾರೂ ಹೇಳಲಿಲ್ಲ. ಅದೇ ನನಗೆ ಮುಖ್ಯ.

ಗ್ಯಾರೇಜ್ ಅಣ್ಣ:
ತಪ್ಪಾಯ್ತು ತಮ್ಮಾ, ಮೊದಲು ಹೇಳಬೇಕಾಗಿದ್ದು ಅದೇ. ಅಡ್ಡ ಬೆಂಚಿನಲ್ಲಿ ಮಕ್ಕಳನ್ನು ಕೂರಿಸಲೇಬೇಡಿ. ಪಕ್ಕಕ್ಕೆ ಮುಖ ಮಾಡಿದ ಸೀಟಿಗೆ ಮಕ್ಕಳ ಸೀಟು ಕಟ್ಟುವ ಹಾಗಿಲ್ಲ. ಬೆಲ್ಟ್ ಇಲ್ಲದೆ ಕೂತರೆ ಒಂದು ಜೋರು ಬ್ರೇಕಿಗೆ ಮಗು ಮುಂದಕ್ಕೆ ಹಾರಿಬರುತ್ತೆ. ಬರೀ ತಗಡಿಗೆ ಬೋಲ್ಟ್ ಹಾಕಿ ಬೆಲ್ಟ್ ಕೂರಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ಅದು ಕಿತ್ತು ಬರುತ್ತೆ. ಅದೇ ಮಾಡೆಲ್‌ನಲ್ಲಿ ಮುಂದಕ್ಕೆ ಮುಖ ಮಾಡಿದ ಹಿಂಸೀಟು, ಕಂಪನಿಯಿಂದಲೇ ಬಂದ ಬೆಲ್ಟ್ ಇರುವ ಗಾಡಿ ಇದೆಯಾ ಹುಡುಕಿ. ಆ ತೇಪೆಯ ಫೋಟೋ ಹತ್ತಿರದಿಂದ ತೆಗೆದು ಹಾಕಿ, ಎರಡೂ ಬದಿಯಿಂದ.

ಮಣ್ಣುದಾರಿ:
ಹಾಗಾದರೆ ಈ ಗಾಡಿ ಬಿಟ್ಟೆ. ಮಾಲೀಕರಿಗೆ ಈಗಲೇ ಫೋನ್ ಮಾಡಿ ಹೇಳುತ್ತೇನೆ. ಹಿಂದೆ ಬೆಲ್ಟ್ ಇರುವ ಇನ್ನೊಂದು ಇದೆಯಂತೆ, 19 ವರ್ಷದ್ದು. ಸುತ್ತಿಗೆ ಡಿಕ್ಕಿಯಲ್ಲೇ ಇಟ್ಟಿದ್ದೇನೆ.

ಚಿಕ್ಕ ಪೆಟ್ರೋಲ್:
ಅದು ಪೆಟ್ರೋಲಾ, ಡೀಸೆಲ್ಲಾ?