ಎಕ್ಸ್‌ಪೋದಲ್ಲಿ ಮಳಿಗೆ: ದುಡ್ಡು ಕಟ್ಟುವ ಮುಂಚೆ ಏನೇನು ಕೇಳಬೇಕು?

ಕೇಳಿದವರು, ಅಂತರಸನಹಳ್ಳಿ, ತುಮಕೂರು:
ತೆಂಗಿನಕಾಯಿ ಸುಲಿಯುವ ಯಂತ್ರ ಮಾಡುತ್ತೇವೆ. ಸಿದ್ಧಗಂಗೆ ಜಾತ್ರೆಯ ವಸ್ತು ಪ್ರದರ್ಶನ ಬಿಟ್ಟರೆ ಬೇರೆಲ್ಲೂ ಮಳಿಗೆ ಹಾಕಿದವರಲ್ಲ. ಈಗ ಬೆಂಗಳೂರಿನ ಒಂದು ಎಕ್ಸ್‌ಪೋದವರು ದಿನಾ ಫೋನ್ ಮಾಡುತ್ತಿದ್ದಾರೆ. 9 ಚದರ ಮೀಟರ್ ಜಾಗ, ಬಾಡಿಗೆ ಮೇಲೆ 18% ಜಿಎಸ್‌ಟಿ, ಈ ವಾರವೇ ಪೂರ್ತಿ ಕಟ್ಟಬೇಕಂತೆ. ಹೋಗಿ ಬಂದವರು ಹೇಳಿ.

ತಿಪಟೂರು, ಕೊಬ್ಬರಿ ಎಣ್ಣೆ ವ್ಯಾಪಾರ:
ಅಣ್ಣ, ನನಗೆ ನಕ್ಷೆಯಲ್ಲಿ ತೋರಿಸಿದ್ದು ಬಾಗಿಲ ಎದುರಿನ ಮೂಲೆ ಮಳಿಗೆ, ಎರಡು ಕಡೆ ತೆರೆದದ್ದು. ಮೂಲೆ ಅಂತ ಜಾಸ್ತಿ ದುಡ್ಡೂ ತಗೊಂಡರು. ಹೋಗಿ ನೋಡಿದರೆ ಶೌಚಾಲಯದ ದಾರಿಯಲ್ಲಿ ಹಾಕಿದ್ದಾರೆ. ಜನ ಬರುತ್ತಿದ್ದರು, ಎಣ್ಣೆಗಲ್ಲ ಅಷ್ಟೇ. ಜಗಳ ಆಡಿದೆ. ಅರ್ಜಿಯ ಹಿಂಬದಿ ತಿರುಗಿಸಿ ತೋರಿಸಿದರು: ಜಾಗ ಬದಲಿಸುವ ಹಕ್ಕು ಆಯೋಜಕರದ್ದು. ಕೆಳಗೆ ಸಹಿ ನನ್ನದೇ! ಆಮೇಲಿಂದ ಮಳಿಗೆ ನಂಬರನ್ನು ಅರ್ಜಿಯಲ್ಲೇ ಬರೆಸುತ್ತೇನೆ. ಜಾಗ ಬದಲಾದರೆ ಮೂಲೆಗೆ ಕೊಟ್ಟ ದುಡ್ಡು ವಾಪಸ್ ಅಂತ ಮೇಲ್‌ನಲ್ಲಿ ಒಪ್ಪಿಸಿಕೊಳ್ಳುತ್ತೇನೆ. ಫೋನಿನಲ್ಲಿ ‘ನೋಡ್ಕೊಳ್ಳೋಣ ಮೇಡಂ’ ಅಂದದ್ದು ಯಾವ ಲೆಕ್ಕಕ್ಕೂ ಇಲ್ಲ.

ವಸಂತನರಸಾಪುರ:
ನಿಮ್ಮ ಯಂತ್ರ ತ್ರೀ ಫೇಸ್ ಅಲ್ವಾ? ಅವರು ಕಟ್ಟಿಕೊಡುವ ಮಳಿಗೆಯಲ್ಲಿ ಸಾಮಾನ್ಯವಾಗಿ ಒಂದು ಮೇಜು, ಎರಡು ಕುರ್ಚಿ, ದೀಪ, ಒಂದು ಪ್ಲಗ್ ಇರುತ್ತದೆ. ಆ ಪ್ಲಗ್‌ನಲ್ಲಿ ಮೊಬೈಲ್ ಚಾರ್ಜ್ ಆಗುತ್ತದೆ, ಕಾಯಿ ಸುಲಿಯಲ್ಲ. ಹೆಚ್ಚಿನ ಕರೆಂಟಿಗೆ ಕಿಲೋವ್ಯಾಟ್ ಲೆಕ್ಕದಲ್ಲಿ ಬೇರೆ ದುಡ್ಡು, ಮೊದಲೇ ಬರೆದು ಕೊಡಬೇಕು. ಯಂತ್ರ ಓಡಿಸಿ ತೋರಿಸಲು ಬಿಡುತ್ತಾರಾ, ಸಿಪ್ಪೆ ತೆಗೆಯುವವರು ಯಾರು, ಇದನ್ನೂ ಕೇಳಿಬಿಡಿ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಲಿ. ಆ 18% ಇನ್‌ಪುಟ್ ಕ್ರೆಡಿಟ್‌ಗೆ ಬರುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು.

ಕೋಲಾರ, ಮೊದಲು ಆಯೋಜಕರ ಕಡೆ ಕೆಲಸ ಮಾಡಿದವನು:
ಬೈಯುವುದೆಲ್ಲ ಸರಿ, ಆದರೆ ಸಭಾಂಗಣಕ್ಕೆ ನಾವೂ ಮುಂಗಡ ಕಟ್ಟಬೇಕಲ್ಲ. ಅದಕ್ಕೇ ಅವಸರ. ಹಾಗಂತ ಒಂದೇ ಸಲ ಕಟ್ಟಬೇಡಿ, ಕಂತು ಕೇಳಿ. ಖಾಲಿ ಮಳಿಗೆ ಉಳಿದಿರುವವರು ಒಪ್ಪುತ್ತಾರೆ. ‘ಎಷ್ಟು ಜನ ಬರುತ್ತಾರೆ’ ಅಂತ ಮಾತ್ರ ಕೇಳಬೇಡಿ. ಶಾಲಾ ಮಕ್ಕಳ ಬಸ್ಸು ಬಂದರೂ ಅದೇ ಲೆಕ್ಕಕ್ಕೆ ಸೇರುತ್ತದೆ. ಕಳೆದ ಸಲ ಮಳಿಗೆ ಹಾಕಿದ್ದವರ ಪಟ್ಟಿ ತರಿಸಿ, ಅದರಲ್ಲಿ ಮೂರು ಜನಕ್ಕೆ ನೀವೇ ಫೋನ್ ಮಾಡಿ. ಪಟ್ಟಿ ಕೊಡಲು ಮೀನಮೇಷ ಎಣಿಸಿದರೆ ಬಿಟ್ಟುಬಿಡಿ. ಇನ್ನೊಂದು ಮಾತು: ಕೊನೆಯ ದಿನ ಮಧ್ಯಾಹ್ನವೇ ಗಂಟುಮೂಟೆ ಕಟ್ಟಬೇಡಿ. ಯಾರು ಸಂಜೆವರೆಗೂ ಇದ್ದರು ಅನ್ನುವುದು ನಮಗೆ ನೆನಪಿರುತ್ತಿತ್ತು. ಮುಂದಿನ ವರ್ಷದ ಒಳ್ಳೆಯ ಜಾಗ ಅಂಥವರಿಗೇ.

ಚಿಕ್ಕಬಳ್ಳಾಪುರ:
ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ್ದು) ಇದೆಯಾ? ಸಣ್ಣ ಘಟಕಗಳಿಗೆ ಮಳಿಗೆ ಬಾಡಿಗೆಯಲ್ಲಿ ಒಂದಷ್ಟು ವಾಪಸ್ ಕೊಡುವ ಕೇಂದ್ರದ ಯೋಜನೆ ಇದೆ. ಎಲ್ಲ ಮೇಳಕ್ಕೂ ಸಿಗಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲೇ ವಿಚಾರಿಸಿ. ಮತ್ತೆ, ಹೆಸರು ನೋಂದಾಯಿಸಿದ ಮೇಲೆ ‘ಬಂದವರ ಪಟ್ಟಿ ಮಾರುತ್ತೇವೆ’ ಅಂತ ಮೇಲ್ ಬರುತ್ತವೆ. ಮೋಸ. ಅಳಿಸಿಬಿಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಾತಾಡಿದೆ. ಅರ್ಧ ಈಗ, ಇನ್ನರ್ಧ ಎಕ್ಸ್‌ಪೋಗೆ ಒಂದು ವಾರ ಮುಂಚೆ. ಮಳಿಗೆ ನಂಬರ್ ಬರೆದುಕೊಡಲು ಒಪ್ಪಿದ್ದಾರೆ. ಸಿಪ್ಪೆ ವಿಷಯ ಮ್ಯಾನೇಜರನ್ನು ಕೇಳಿ ಹೇಳುತ್ತಾರಂತೆ.