ಮುಸ್ಸಂಜೆಯಲ್ಲಿ ತೆಗೆದ ಫೋಟೊದಲ್ಲಿ ಮುಖ ಯಾಕೆ ಕಪ್ಪಾಗುತ್ತೆ?

ಪ್ರಶ್ನೆ: ನಿನ್ನೆ ಸ್ಯಾಂಕಿ ಕೆರೆ ಹತ್ತಿರ ಸೂರ್ಯ ಮುಳುಗಿದ ಮೇಲೆ ಅಕ್ಕನ ಫೋಟೊ ತೆಗೆದೆ. ಆಕಾಶ ಚೆನ್ನಾಗಿ ಬಂತು, ಮುಖ ಮಾತ್ರ ಕಪ್ಪು, ಜೊತೆಗೆ ಅಲುಗಾಡಿದೆ. 50 ಎಂಎಂ ಲೆನ್ಸ್, ಎಫ್ 1.8 (ಲೆನ್ಸ್ ಬಾಯಿ ಅಗಲವಾಗಿ ತೆರೆದು). ಏನು ಮಾಡಲಿ?

ಉತ್ತರ: ಅಕ್ಕನನ್ನು ಪಶ್ಚಿಮಕ್ಕೆ ಬೆನ್ನು ಮಾಡಿ ನಿಲ್ಲಿಸಿದ್ದೀರಿ, ಅಲ್ವಾ? ಮುಖ ಆ ಕಡೆ ತಿರುಗಿಸಿ. ಆ ಹೊತ್ತಲ್ಲಿ ಪಡುವಣ ಆಕಾಶವೇ ಒಂದು ದೊಡ್ಡ ಮೆತ್ತನೆ ದೀಪ, ಮುಖದ ಮೇಲೆ ಗಡುಸು ನೆರಳು ಬೀಳುವುದಿಲ್ಲ. ಶಟರ್ (ಬೆಳಕು ಒಳಬಿಡುವ ಹೊತ್ತು) 1/125 ಸೆಕೆಂಡಿಗಿಂತ ನಿಧಾನ ಬೇಡ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600 ಆದರೂ ಪರವಾಗಿಲ್ಲ, ಸ್ವಲ್ಪ ಕಾಳು ಕಾಳಾಗಿ ಬಂದರೂ ಅಲುಗಾಡಿದ ಫೋಟೊಗಿಂತ ಎಷ್ಟೋ ವಾಸಿ.

ಇನ್ನೊಂದು ಉತ್ತರ: ಬೆಂಗಳೂರಲ್ಲಿ ಈ ಬೆಳಕು ಸಿಗುವುದು ಸುಮಾರು 20 ನಿಮಿಷ ಅಷ್ಟೇ. ಬೇಗ ಹೋಗಿ ಜಾಗ ನೋಡಿಟ್ಟುಕೊಳ್ಳಿ.

ಕೇಳಿದವರು: ಹೌದು, ಬೆನ್ನು ಮಾಡಿಯೇ ನಿಲ್ಲಿಸಿದ್ದೆ! ಭಾನುವಾರ ಮತ್ತೆ ಹೋಗುತ್ತೇನೆ.