ಅಪ್‌ಡೇಟ್: ಡ್ರಿಪ್ ನೀರು ಅಕ್ಕಪಕ್ಕಕ್ಕೆ ಹರಡದಿರಲು ಕಾರಣ

ಕೋಲಾರದ ಕಡೆಯ ನಮ್ಮ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ, ಡ್ರಿಪ್ಪರ್‌ಗಳ (ಹನಿ ನೀರಾವರಿ ಪೈಪಿನಲ್ಲಿ ನೀರು ತೊಟ್ಟಿಕ್ಕುವ ಕಂಡಿಗಳ) ನಡುವಿನ ಟೊಮೆಟೊ ಗಿಡಗಳು ದಿನವೂ ನೀರು ಬಿಟ್ಟರೂ ಬಾಡುತ್ತಿರುವುದೇಕೆ ಎಂದು ಹಿಂದೆ ಕೇಳಿದ್ದೆ. ಮೇಲೆ ಕಾಣುವ ತೇವವನ್ನು ನಂಬದೆ, ಸಾಲಿನ ಉದ್ದಕ್ಕೆ ಗುಂಡಿ ತೆಗೆದು ನೋಡುವಂತೆ ಹಿರಿಯರೊಬ್ಬರು ಸೂಚಿಸಿದ್ದರು.

ಹಾಗೆ ತೆಗೆದಾಗ, ಪ್ರತಿ ಡ್ರಿಪ್ಪರ್‌ನ ಕೆಳಗೂ ತೇವವು ಮೂಲಂಗಿಯಂತೆ ಕಿರಿದಾಗಿ ಬೇರಿನ ಪದರವನ್ನು ದಾಟಿ ಇಳಿದಿತ್ತು, 60 ಸೆಂ.ಮೀ. ಅಂತರದ ನಡುವಿನ ಮಣ್ಣು ಮಾತ್ರ ಹಿಡಿದರೆ ಪುಡಿಯಾಗುವಷ್ಟು ಒಣಗಿತ್ತು. ಕಪ್ಪು ಎರೆಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಪಕ್ಕಕ್ಕೆ ಬಲವಾಗಿ ಸೆಳೆಯುತ್ತವೆ, ಆದರೆ ಮರಳಿನ ದೊಡ್ಡ ರಂಧ್ರಗಳಲ್ಲಿ ಆ ಸೆಳೆತ ಕಡಿಮೆಯಾದ್ದರಿಂದ ಗುರುತ್ವವೇ ಮೇಲುಗೈ ಸಾಧಿಸುತ್ತದೆ. ಇಂಥಲ್ಲಿ ಹೆಚ್ಚು ಹೊತ್ತು ನೀರು ಬಿಟ್ಟರೆ ಆಳ ಹೆಚ್ಚುತ್ತದೆಯೇ ಹೊರತು ಅಗಲ ಅಷ್ಟಾಗಿ ಹೆಚ್ಚುವುದಿಲ್ಲ. ಎಲ್ಲ ಮಣ್ಣಿಗೂ ಒಂದೇ ಅಂತರದ ಪೈಪು ಮಾರುವುದು ನನಗಂತೂ ಸರಿಕಾಣುವುದಿಲ್ಲ.

ಈಗ 30 ಸೆಂ.ಮೀ.ಗೊಂದರಂತೆ ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್‌ಗಳಿರುವ ಲ್ಯಾಟರಲ್ (ಸಾಲಿನುದ್ದದ ಸಣ್ಣ ಪೈಪು) ಹಾಕಿಸಿ, ನೀರನ್ನು ಬೆಳಿಗ್ಗೆ ಮತ್ತು ಸಂಜೆಗೆ ಹಂಚಿದ್ದೇನೆ. ತೇವವು ಒಂದಕ್ಕೊಂದು ಕೂಡಿಕೊಂಡು ಪಟ್ಟಿಯಾಗಿದೆ, ಗಿಡಗಳು ಚೇತರಿಸಿಕೊಂಡಿವೆ.

ತೇವದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುತ್ತಿರುವುದು ಮಾತ್ರ ಉಳಿದಿದೆ. ಬೋರ್‌ವೆಲ್ ನೀರಿನ ಲವಣವು ನೀರಿನೊಡನೆ ಅಂಚಿಗೆ ಸರಿದು ಅಲ್ಲಿಯೇ ನಿಲ್ಲುತ್ತದೆ. ತುಂತುರು ಮಳೆ ಅದನ್ನು ಬೇರಿನತ್ತ ತಳ್ಳಬಹುದಾದ್ದರಿಂದ, ಲವಣ ಬೇರಿನಿಂದ ದೂರವೇ ಇರಲೆಂದು ಅಂಥ ಹೊತ್ತಿನಲ್ಲಿ ಡ್ರಿಪ್ ನಿಲ್ಲಿಸದಿರಲು ನಿರ್ಧರಿಸಿದ್ದೇನೆ.